ಇಸ್ತ್ರಿ ಪೆಟ್ಟಿಗೆಯ ಲೆಕ್ಕ

ಮಳವಳ್ಳಿಯಿಂದ ಮಂಡ್ಯಕ್ಕೆ ಓದಲು ಬರುವ ವಿದ್ಯಾರ್ಥಿಗಳನ್ನು ಬೆಳಗಿನ ಬಸ್ಸಿನಿಂದ ಇಳಿಯುವಾಗ ನೋಡಬೇಕು. ಮನೆಯಿಂದ ಹೊರಟಾಗ ಗರಿಗರಿಯಾಗಿದ್ದ ಅಂಗಿಯು ನೂಕುನುಗ್ಗಲಿನ ಪ್ರಯಾಣ ಮುಗಿಯುವ ಹೊತ್ತಿಗೆ ಬೆನ್ನಿನಲ್ಲಿಯೂ ಮೊಣಕೈಯ ಬಳಿಯಲ್ಲಿಯೂ ಮುದುರಿ ಹೋಗಿರುತ್ತದೆ. ಮದ್ದೂರಿನಿಂದ ರೈಲಿನಲ್ಲಿ ಬರುವವರ ಪಾಡೂ ಇದಕ್ಕಿಂತ ಬೇರೆಯಲ್ಲ. ಮುಂಜಾನೆ ವಿದ್ಯುಚ್ಛಕ್ತಿಯನ್ನು ವ್ಯಯಮಾಡಿ ತೆಗೆದ ಸುಕ್ಕುಗಳನ್ನು ಬಸ್ಸಿನ ಆಸನವು ಯಾವ ವೆಚ್ಚವೂ ಇಲ್ಲದೆ ಹಿಂದಿರುಗಿಸಿಬಿಡುತ್ತದೆ. ಹೀಗಿರುವಾಗ, ಬಟ್ಟೆಗೆ ಇಸ್ತ್ರಿ ಮಾಡುವುದನ್ನೇ ಬಿಟ್ಟುಬಿಟ್ಟರೆ ಆಗುವ ನಷ್ಟವೇನು, ಲಾಭವೇನು ಎಂಬ ಪ್ರಶ್ನೆ ಯಾರಿಗಾದರೂ ಏಳುವುದು ಸಹಜ.

ಈ ಪ್ರಶ್ನೆ ನಮ್ಮ ಕಲ್ಪನೆಯದಲ್ಲ. ನಮ್ಮ ದೇಶದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯಲ್ಲಿ 2024ರ ಮೇ ತಿಂಗಳಲ್ಲಿ ‘ಸುಕ್ಕುಗಳೇ ಒಳ್ಳೆಯವು’ ಎಂಬ ಅರ್ಥದ ಹೆಸರಿನ ಒಂದು ಅಭಿಯಾನ ನಡೆಯಿತು. ಸೋಮವಾರಗಳಂದು ಇಸ್ತ್ರಿ ಮಾಡದ ಉಡುಪನ್ನು ಧರಿಸಿ ಕೆಲಸಕ್ಕೆ ಬರಬೇಕೆಂಬುದು ಅದರ ಕರೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಇದೇ ಮಂಡಳಿಗೆ ಸೇರಿದ ಸಂಸ್ಥೆಯೆಂಬುದನ್ನು ನಮ್ಮ ವಾಚಕರು ಬಲ್ಲರು. ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಚೇತನ್ ಸಿಂಗ್ ಸೋಲಂಕಿಯವರ ಶಕ್ತಿ ಸ್ವರಾಜ್ಯದ ಚಳವಳಿಯೇ ಈ ಅಭಿಯಾನಕ್ಕೆ ಮೂಲ. ಒಂದು ಜೊತೆ ಬಟ್ಟೆಗೆ ಇಸ್ತ್ರಿ ಮಾಡಿದರೆ ಸುಮಾರು 200 ಗ್ರಾಂ ಇಂಗಾಲದ ಡೈಆಕ್ಸೈಡ್ ವಾತಾವರಣವನ್ನು ಸೇರುತ್ತದೆಂದು ಆಗ ಹೇಳಲಾಯಿತು.

ಕೆಲವರು ಈ ಕರೆಯನ್ನು ಮೆಚ್ಚಿದರು, ಕೆಲವರು ನಕ್ಕರು. ಮೆಚ್ಚುವುದಕ್ಕೂ ನಗುವುದಕ್ಕೂ ಮೊದಲು ವಿಜ್ಞಾನದ ವಿದ್ಯಾರ್ಥಿ ಮಾಡಬೇಕಾದ ಕೆಲಸವೊಂದಿದೆ. ಅದು ಲೆಕ್ಕ ಹಾಕಿ ನೋಡುವುದು. ಈ ಲೇಖನದಲ್ಲಿ ನಾವು ಆ ಕೆಲಸವನ್ನು ಕೈಗೊಳ್ಳೋಣ.

ಬಟ್ಟೆ ಸುಕ್ಕಾಗುವುದೇಕೆ?

ಹತ್ತಿಯ ನೂಲು ಸೆಲ್ಯುಲೋಸ್ ಎಂಬ ವಸ್ತುವಿನಿಂದ ಆದುದು. ಗ್ಲೂಕೋಸಿನ ಸಾವಿರಾರು ಘಟಕಗಳು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಸೇರಿ ಸೆಲ್ಯುಲೋಸಿನ ಒಂದು ಅಣುವಾಗುತ್ತದೆ. ಇಂತಹ ಸರಪಳಿಗಳು ಎಳೆಯೊಳಗೆ ಒಂದರ ಪಕ್ಕದಲ್ಲೊಂದು ಮಲಗಿರುತ್ತವೆ. ಅಕ್ಕಪಕ್ಕದ ಸರಪಳಿಗಳನ್ನು ಹಿಡಿದಿಟ್ಟಿರುವುದು ಜಲಜನಕದ ಪರಮಾಣುಗಳ ಮೂಲಕ ಏರ್ಪಡುವ ದುರ್ಬಲವಾದ ಬಂಧಗಳು. ಇವನ್ನು ಜಲಜನಕ ಬಂಧಗಳೆಂದು ಕರೆಯುತ್ತಾರೆ. ಒಂದೊಂದು ಬಂಧವೂ ದುರ್ಬಲವೇ. ಆದರೆ ಅವುಗಳ ಸಂಖ್ಯೆ ಅಪಾರವಾದುದರಿಂದ ಒಣಗಿದ ಬಟ್ಟೆ ತನ್ನ ಆಕಾರವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ.

ಬಟ್ಟೆಗೆ ನೀರು ಸೋಕಿದಾಗ ಏನಾಗುತ್ತದೆ? ನೀರಿನ ಅಣುಗಳು ಸರಪಳಿಗಳ ನಡುವೆ ನುಗ್ಗಿ, ಆ ಬಂಧಗಳನ್ನು ಬಿಡಿಸಿ, ತಾವೇ ಅವುಗಳ ಸ್ಥಾನದಲ್ಲಿ ನಿಲ್ಲುತ್ತವೆ. ಸರಪಳಿಗಳು ಸಡಿಲಗೊಂಡು ಒಂದರ ಮೇಲೊಂದು ಜಾರಲು ಅನುಕೂಲವಾಗುತ್ತದೆ. ಆ ಸ್ಥಿತಿಯಲ್ಲಿ ಬಟ್ಟೆ ಹೇಗೆ ಮಡಿಸಿಕೊಂಡಿರುವುದೋ ಹಾಗೆಯೇ ನೀರು ಆರಿಹೋದರೆ, ಹೊಸ ಜಾಗಗಳಲ್ಲಿ ಹೊಸ ಬಂಧಗಳು ಏರ್ಪಟ್ಟು ಆ ಮಡಿಕೆ ನೆಲೆಯಾಗಿ ನಿಲ್ಲುತ್ತದೆ. ಇದೇ ಸುಕ್ಕು. ಒಗೆದ ಬಟ್ಟೆಯನ್ನು ಹಿಂಡಿ ಮುದ್ದೆಯಾಗಿಯೇ ಬಿಟ್ಟರೆ ಅದು ಮುದ್ದೆಯಾಗಿಯೇ ಒಣಗುವುದಕ್ಕೆ ಕಾರಣ ಇದು. ಬಸ್ಸಿನಲ್ಲಿ ನಡೆಯುವುದೂ ಇದೇ ಕ್ರಿಯೆ. ಬೆನ್ನಿನ ಬೆವರು ತೇವವನ್ನು ಒದಗಿಸುತ್ತದೆ, ದೇಹ ಶಾಖವನ್ನು ಕೊಡುತ್ತದೆ, ಆಸನ ಒತ್ತಡವನ್ನು ಹಾಕುತ್ತದೆ.

ಪಾಲಿಯೆಸ್ಟರ್ ಎಳೆಯ ಸ್ವಭಾವ ಬೇರೆ. ಸಾಧಾರಣ ಹವೆಯಲ್ಲಿ ಹತ್ತಿಯು ತನ್ನ ತೂಕದ ಶೇಕಡಾ 8ರಷ್ಟು ತೇವವನ್ನು ಹೀರಿಕೊಂಡಿದ್ದರೆ, ಪಾಲಿಯೆಸ್ಟರ್ ಹೀರುವುದು ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ನೀರು ಒಳಗೆ ನುಗ್ಗಲಾರದೆಡೆಯಲ್ಲಿ ಬಂಧಗಳು ಬಿಡುವ ಸಂಭವವೂ ಕಡಿಮೆ. ಆದಕಾರಣವೇ ಟೆರಿಕಾಟ್ ಅಂಗಿಗಳು ಹತ್ತಿಯ ಅಂಗಿಗಳಷ್ಟು ಸುಕ್ಕಾಗುವುದಿಲ್ಲ. ಹತ್ತಿಯ ಸರಪಳಿಗಳನ್ನೇ ರಾಸಾಯನಿಕ ಸೇತುವೆಗಳಿಂದ ಒಂದಕ್ಕೊಂದು ಬಿಗಿದು ಸುಕ್ಕನ್ನು ತಡೆಯುವ ವಿಧಾನವೂ ಉಂಟು. ಅದನ್ನು ಬೆಳೆಸಿದವರಲ್ಲಿ ಅಮೆರಿಕದ ರಸಾಯನವಿಜ್ಞಾನಿ ರೂತ್ ಬೆನೆರಿಟೋ ಅವರು ಪ್ರಮುಖರು.

ಇಸ್ತ್ರಿ ಮಾಡುವ ಕೆಲಸ

ಸುಕ್ಕನ್ನು ಉಂಟುಮಾಡುವ ಕಾರಣಗಳೇ ಅದನ್ನು ತೆಗೆಯುವುದಕ್ಕೂ ಸಾಧನಗಳಾಗುತ್ತವೆ. ಇಸ್ತ್ರಿ ಮಾಡುವಾಗ ನಾವು ಬಟ್ಟೆಯ ಮೇಲೆ ನೀರು ಚಿಮುಕಿಸುತ್ತೇವೆ. ಹಳೆಯ ಬಂಧಗಳು ಬಿಡುತ್ತವೆ. ಕಾದ ಪೆಟ್ಟಿಗೆಯಿಂದ ಒತ್ತುತ್ತೇವೆ. ಸರಪಳಿಗಳು ಸಮತಟ್ಟಾಗಿ ಜರುಗುತ್ತವೆ. ಶಾಖದಿಂದ ನೀರು ಆವಿಯಾಗಿ ಹೋಗುತ್ತದೆ; ಸಮತಟ್ಟಾದ ಸ್ಥಿತಿಯಲ್ಲಿಯೇ ಹೊಸ ಬಂಧಗಳು ಏರ್ಪಡುತ್ತವೆ. ಗಂಜಿ ಹಾಕಿದ ಬಟ್ಟೆ ಇನ್ನೂ ಬಿಗಿಯಾಗಿ ನಿಲ್ಲುವುದೇಕೆಂದರೆ, ಗಂಜಿಯಲ್ಲಿರುವ ಪಿಷ್ಟವೂ ಗ್ಲೂಕೋಸಿನ ಸರಪಳಿಯೇ ಆಗಿದ್ದು ಸೆಲ್ಯುಲೋಸಿನೊಡನೆ ಸುಲಭವಾಗಿ ಬೆಸೆದುಕೊಳ್ಳುತ್ತದೆ.

ನೀರಿಲ್ಲದೆ ಶಾಖದಿಂದಲೇ ಹತ್ತಿಯ ಸರಪಳಿಗಳನ್ನು ಸಡಿಲಗೊಳಿಸಬೇಕಾದರೆ 200 ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯಿಸಬೇಕು. ಅಷ್ಟು ಹೊತ್ತಿಗೆ ಬಟ್ಟೆ ಕಂದುಗಟ್ಟಲು ತೊಡಗುತ್ತದೆ. ಬಟ್ಟೆಯ ಚೀಟಿಯ ಮೇಲೆ ಇಸ್ತ್ರಿ ಪೆಟ್ಟಿಗೆಯ ಚಿತ್ರದೊಳಗೆ ಚುಕ್ಕೆಗಳಿರುವುದನ್ನು ವಾಚಕರು ಕಂಡಿರಬಹುದು. ಒಂದು ಚುಕ್ಕೆಯೆಂದರೆ 110 ಡಿಗ್ರಿ, ಎರಡೆಂದರೆ 150 ಡಿಗ್ರಿ, ಮೂರೆಂದರೆ 200 ಡಿಗ್ರಿ. ಪೆಟ್ಟಿಗೆಯ ತಳದ ಉಷ್ಣತೆ ಆ ಮಿತಿಯನ್ನು ಮೀರಬಾರದೆಂದು ಅರ್ಥ. ಈ ಮಿತಿಯನ್ನು ಕಾಯುವ ಕಾವಲುಗಾರ ಪೆಟ್ಟಿಗೆಯೊಳಗಿರುವ ದ್ವಿಲೋಹದ ಪಟ್ಟಿ. ಬಿಸಿಯಾದಾಗ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದು ಮಾಡಿದ ಈ ಪಟ್ಟಿ ಕಾದೊಡನೆ ಬಾಗಿ ವಿದ್ಯುತ್ತನ್ನು ಕಡಿದುಹಾಕುತ್ತದೆ. ಆರಿದೊಡನೆ ನೇರವಾಗಿ ಮತ್ತೆ ಕೂಡಿಸುತ್ತದೆ.

ವಿದ್ಯುತ್ತಿಲ್ಲದ ಕಾಲದಲ್ಲಿ ನಮ್ಮ ಮನೆಗಳಲ್ಲಿ ಹಿತ್ತಾಳೆಯ ಚೊಂಬಿಗೆ ಕೆಂಡ ತುಂಬಿ ಬಟ್ಟೆಯ ಮೇಲೆ ಆಡಿಸುತ್ತಿದ್ದುದನ್ನು ಹಿರಿಯರು ನೆನೆಯುತ್ತಾರೆ. ಹಿತ್ತಾಳೆ ಶಾಖವನ್ನು ಚೆನ್ನಾಗಿ ಸಾಗಿಸುವ ಲೋಹವಾದುದರಿಂದ ಆ ಉಪಾಯ ಫಲಿಸುತ್ತಿತ್ತು. ತತ್ತ್ವದಲ್ಲಿ ಅದಕ್ಕೂ ಇಂದಿನ ಪೆಟ್ಟಿಗೆಗೂ ವ್ಯತ್ಯಾಸವಿಲ್ಲ.

ಒಂದು ಜೊತೆ ಬಟ್ಟೆಯ ವೆಚ್ಚ

ಈಗ ಲೆಕ್ಕಕ್ಕೆ ಬರೋಣ. ಸಾಧಾರಣ ಇಸ್ತ್ರಿ ಪೆಟ್ಟಿಗೆಯ ಸಾಮರ್ಥ್ಯ 750ರಿಂದ 1000 ವಾಟ್. 1000 ವಾಟಿನ ಪೆಟ್ಟಿಗೆಯನ್ನೇ ತೆಗೆದುಕೊಂಡು, ಒಂದು ಅಂಗಿ ಮತ್ತು ಒಂದು ಷರಾಯಿಗೆ 6 ನಿಮಿಷ ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. 1000 ವಾಟ್ ಒಂದು ಗಂಟೆಯ ಕಾಲ ಹರಿದರೆ ಒಂದು ಯೂನಿಟ್. ಆದುದರಿಂದ 6 ನಿಮಿಷಕ್ಕೆ ಯೂನಿಟ್ಟಿನ ಹತ್ತನೆಯ ಒಂದು ಭಾಗ, ಅಂದರೆ 0.1 ಯೂನಿಟ್. ದ್ವಿಲೋಹದ ಪಟ್ಟಿ ನಡುನಡುವೆ ವಿದ್ಯುತ್ತನ್ನು ಕಡಿಯುವುದರಿಂದ ನಿಜವಾದ ವೆಚ್ಚ ಇದಕ್ಕಿಂತ ತುಸು ಕಡಿಮೆಯೇ ಆಗಬಹುದು.

ಈ ಶಕ್ತಿ ಎಲ್ಲಿಗೆ ಹೋಗುತ್ತದೆ? ಒಂದು ಯೂನಿಟ್ಟೆಂದರೆ ಸುಮಾರು 8,60,000 ಕ್ಯಾಲೊರಿ, 0.1 ಯೂನಿಟ್ಟೆಂದರೆ 86,000 ಕ್ಯಾಲೊರಿ. ಬಟ್ಟೆಯ ಮೇಲೆ ನಾವು 40 ಗ್ರಾಂ ನೀರನ್ನು ಚಿಮುಕಿಸಿದೆವೆನ್ನೋಣ. ಅದನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು 3,000 ಕ್ಯಾಲೊರಿ ಬೇಕು. ಅದನ್ನು ಆವಿಯಾಗಿಸಲು, ಗ್ರಾಮಿಗೆ 540 ಕ್ಯಾಲೊರಿಯ ಗುಪ್ತೋಷ್ಣದಂತೆ, 21,600 ಕ್ಯಾಲೊರಿ ಬೇಕು. ಒಟ್ಟು 24,600 ಕ್ಯಾಲೊರಿ. ಅಂದರೆ ನಾಲ್ಕರಲ್ಲಿ ಒಂದು ಪಾಲಿಗೂ ಹೆಚ್ಚು. ಬಿಸಿಲು ಪುಕ್ಕಟೆಯಾಗಿ ಒಣಗಿಸಿಕೊಟ್ಟ ಬಟ್ಟೆಯನ್ನು ನಾವು ಮತ್ತೆ ನೆನೆಸಿ, ವಿದ್ಯುತ್ತಿನಿಂದ ಎರಡನೆಯ ಸಲ ಒಣಗಿಸುತ್ತಿದ್ದೇವೆ! ಇಸ್ತ್ರಿ ಮಾಡಲೇಬೇಕೆಂದಿದ್ದರೆ, ತಂತಿಯ ಮೇಲೆ ಬಟ್ಟೆ ಪೂರ್ಣ ಒಣಗುವ ಮೊದಲು, ಇನ್ನೂ ಸ್ವಲ್ಪ ತೇವವಿರುವಾಗಲೇ ತೆಗೆದುಕೊಳ್ಳುವುದು ಜಾಣತನ. ಆಗ ಹೊಸದಾಗಿ ನೀರು ಚಿಮುಕಿಸುವ ಅಗತ್ಯ ಬೀಳುವುದಿಲ್ಲ.

ಇನ್ನೊಂದು ಪಾಲು ಪೆಟ್ಟಿಗೆಯನ್ನೇ ಕಾಯಿಸಲು ಹೋಗುತ್ತದೆ. ಪೆಟ್ಟಿಗೆಯ ತಳದಲ್ಲಿ 700 ಗ್ರಾಂ ಅಲ್ಯುಮಿನಿಯಂ ಇದ್ದು ಅದರ ಉಷ್ಣತೆ 150 ಡಿಗ್ರಿಯಷ್ಟು ಏರಬೇಕಾದರೆ ಸುಮಾರು 22,000 ಕ್ಯಾಲೊರಿ ಬೇಕು. ಕೆಲಸ ಮುಗಿದ ಮೇಲೆ ಈ ಶಾಖವೆಲ್ಲ ಕೋಣೆಯ ಗಾಳಿಯ ಪಾಲು. ದಿನವೂ ಒಂದೊಂದು ಅಂಗಿಗಾಗಿ ಪೆಟ್ಟಿಗೆಯನ್ನು ಕಾಯಿಸುವವನು ದಿನವೂ ಈ ದಂಡವನ್ನು ತೆರುತ್ತಾನೆ. ವಾರದ ಬಟ್ಟೆಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಕೂರುವವನು ಒಂದೇ ಸಲ ತೆರುತ್ತಾನೆ.

200 ಗ್ರಾಮಿನ ಮಾತು

0.1 ಯೂನಿಟ್ ವಿದ್ಯುತ್ತಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ? ನಮ್ಮ ದೇಶದ ವಿದ್ಯುತ್ ಜಾಲದಲ್ಲಿ, ಕಲ್ಲಿದ್ದಲು, ನೀರು, ಗಾಳಿ, ಬಿಸಿಲು ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದರೆ, ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋಗ್ರಾಂ ಆಗುತ್ತದೆ. ಆದುದರಿಂದ ನಮ್ಮ ಒಂದು ಜೊತೆ ಬಟ್ಟೆಯ ಪಾಲು 70 ಗ್ರಾಂ. ಅಭಿಯಾನದಲ್ಲಿ ಹೇಳಿದ 200 ಗ್ರಾಂ ಬರಬೇಕಾದರೆ 1000 ವಾಟಿನ ಪೆಟ್ಟಿಗೆ ಸುಮಾರು 17 ನಿಮಿಷ ಎಡೆಬಿಡದೆ ಉರಿಯಬೇಕು. 1500 ವಾಟಿನ, ಆವಿ ಚಿಮ್ಮುವ ದೊಡ್ಡ ಪೆಟ್ಟಿಗೆಯಿಂದ ದಪ್ಪ ಹತ್ತಿಯ ಬಟ್ಟೆಗೆ ನಿಧಾನವಾಗಿ ಇಸ್ತ್ರಿ ಮಾಡಿದರೆ ಆ ಅಂಕಿಯ ಸಮೀಪಕ್ಕೆ ಹೋಗಬಹುದು. ಅವಸರದಲ್ಲಿ ಕಾಲೇಜಿಗೆ ಹೊರಡುವ ವಿದ್ಯಾರ್ಥಿಯ ಅಂಗಿಗೆ ಅಷ್ಟಾಗುವುದಿಲ್ಲ. ಹೀಗೆಂದ ಮಾತ್ರಕ್ಕೆ ಆ ಕರೆ ಸುಳ್ಳೆಂದು ನಾವು ಹೇಳುತ್ತಿಲ್ಲ. ಒಂದೇ ಅಂಕಿ ಎಲ್ಲ ಮನೆಗಳಿಗೂ ಹೊಂದಲಾರದೆಂದೂ, ನಮ್ಮ ಮನೆಯ ಅಂಕಿಯನ್ನು ನಾವೇ ಕಂಡುಕೊಳ್ಳಬೇಕೆಂದೂ ಹೇಳುತ್ತಿದ್ದೇವೆ.

ಕಾಣುವ ಬಗೆ ಸುಲಭ. ಮನೆಯ ವಿದ್ಯುತ್ ಮಾಪಕದ ಮುಖದಲ್ಲಿ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆಂಬುದನ್ನು ಮಾಪಕದ ಮೇಲೆಯೇ ಬರೆದಿರುತ್ತಾರೆ. ಆ ಸಂಖ್ಯೆ 3200 ಎಂದಿದ್ದರೆ, 0.1 ಯೂನಿಟ್ಟಿಗೆ 320 ಮಿನುಗು. ಮನೆಯ ಇತರ ಉಪಕರಣಗಳನ್ನು ನಿಲ್ಲಿಸಿ, ಒಬ್ಬರು ಇಸ್ತ್ರಿ ಮಾಡುತ್ತಿರುವಾಗ ಇನ್ನೊಬ್ಬರು ಮಿನುಗುಗಳನ್ನು ಎಣಿಸಿದರೆ ಸಾಕು. ಮಾಪಕವನ್ನು ಮುಟ್ಟುವ ಅಗತ್ಯವಿಲ್ಲ, ಮುಟ್ಟಲೂ ಕೂಡದು.

ಶಿವನಸಮುದ್ರವೂ ಎಂಟು ಗಂಟೆಯ ಇಸ್ತ್ರಿಯೂ

ಮಳವಳ್ಳಿಯ ವಿದ್ಯಾರ್ಥಿಯೊಬ್ಬನು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು: ‘ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದಲೇ ವಿದ್ಯುತ್ತು ಹುಟ್ಟುತ್ತದೆಯಲ್ಲ, ನಮ್ಮ ಇಸ್ತ್ರಿಗೂ ಕಲ್ಲಿದ್ದಲಿನ ಹೊಗೆಗೂ ಏನು ಸಂಬಂಧ?’ ಪ್ರಶ್ನೆ ಯೋಗ್ಯವಾದುದು.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಆ ವಿದ್ಯುದಾಗಾರ 1902ರಲ್ಲಿ ಕೆಲಸಕ್ಕೆ ತೊಡಗಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಅದರಿಂದಲೇ ಬೆಳಕಾಯಿತು. ಆಗ ಆ ತಂತಿ ಒಂಟಿಯಾಗಿತ್ತು. ಒಂದು ತುದಿಯಲ್ಲಿ ಜಲಪಾತ, ಇನ್ನೊಂದು ತುದಿಯಲ್ಲಿ ಗಣಿ. ಇಂದಿನ ಸ್ಥಿತಿ ಹಾಗಿಲ್ಲ. 2013ರ ಡಿಸೆಂಬರ್ 31ರಂದು ದಕ್ಷಿಣ ಭಾರತದ ಜಾಲವೂ ಉಳಿದ ದೇಶದ ಜಾಲದೊಡನೆ ಕೂಡಿಕೊಂಡ ಮೇಲೆ ದೇಶದ ವಿದ್ಯುತ್ತೆಲ್ಲ ಒಂದೇ ಕೆರೆಯ ನೀರಿನಂತಾಗಿದೆ. ಶಿವನಸಮುದ್ರ, ರಾಯಚೂರಿನ ಕಲ್ಲಿದ್ದಲಿನ ಸ್ಥಾವರ, ಪಾವಗಡದ ಸೌರಫಲಕಗಳು, ಎಲ್ಲವೂ ಆ ಕೆರೆಗೆ ಹರಿಯುವ ಕಾಲುವೆಗಳು. ನಾವು ಮೊಗೆದುಕೊಂಡ ಬಿಂದಿಗೆಯ ನೀರು ಯಾವ ಕಾಲುವೆಯದೆಂದು ಹೇಳಲಾಗುವುದಿಲ್ಲ. ಆದರೆ ನಾವು ಒಂದು ಬಿಂದಿಗೆ ಕಡಿಮೆ ಮೊಗೆದರೆ, ಮಳವಳ್ಳಿಯಲ್ಲಿ ಉಳಿದ ನೀರಿನ ವಿದ್ಯುತ್ತು ಬೇರೆಡೆಗೆ ಹೋಗಿ, ಅಲ್ಲಿ ಅಷ್ಟು ಕಲ್ಲಿದ್ದಲು ಉರಿಯುವುದು ತಪ್ಪುತ್ತದೆ.

ಕಲ್ಲಿದ್ದಲಿನ ಸ್ಥಾವರದಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋಗ್ರಾಂ ಕಲ್ಲಿದ್ದಲು ಬೇಕು. ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಉಳಿದುದು ಹೊಗೆಯೊಡನೆಯೂ ತಂಪುನೀರಿನೊಡನೆಯೂ ಹೊರಟುಹೋಗುತ್ತದೆ. ಹೀಗೆ ಮೂರು ಪಾಲು ಶಾಖವನ್ನು ಕೊಟ್ಟು ಒಂದು ಪಾಲು ವಿದ್ಯುತ್ತನ್ನು ಪಡೆದು, ಆ ವಿದ್ಯುತ್ತನ್ನು ಇಸ್ತ್ರಿ ಪೆಟ್ಟಿಗೆಯಲ್ಲಿ ಮತ್ತೆ ಶಾಖವನ್ನಾಗಿಯೇ ಮಾಡುತ್ತೇವೆ. ದೀಪ ಬೆಳಗಿಸುವುದಕ್ಕೂ ಯಂತ್ರ ತಿರುಗಿಸುವುದಕ್ಕೂ ಯೋಗ್ಯವಾದ ಶಕ್ತಿಯನ್ನು ಶಾಖಕ್ಕಾಗಿ ಬಳಸುವುದು ಅದರ ಅತ್ಯಂತ ದುಬಾರಿಯಾದ ಉಪಯೋಗ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಇಸ್ತ್ರಿಯ ವೆಚ್ಚ ಚಿಕ್ಕದಾದರೂ ಅದು ಎಲ್ಲ ಮನೆಗಳಲ್ಲಿಯೂ ಒಂದೇ ಹೊತ್ತಿಗೆ ಬರುತ್ತದೆ. ಶಾಲೆ, ಕಾಲೇಜು, ಕಚೇರಿ ಎಲ್ಲಕ್ಕೂ ಹೊರಡುವ ವೇಳೆ ಒಂದೇ. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಜನಸಂಖ್ಯೆ 18 ಲಕ್ಷ. ಮನೆಗೆ ನಾಲ್ವರಂತೆ ಎಣಿಸಿದರೆ ನಾಲ್ಕೂವರೆ ಲಕ್ಷ ಮನೆಗಳಾದುವು. ಬೆಳಗ್ಗೆ ಎಂಟು ಗಂಟೆಗೆ ಇವುಗಳಲ್ಲಿ ನೂರಕ್ಕೆ ಒಂದು ಮನೆಯಲ್ಲಿ ಮಾತ್ರ 1000 ವಾಟಿನ ಪೆಟ್ಟಿಗೆ ಕಾಯುತ್ತಿದೆಯೆನ್ನೋಣ. ಒಟ್ಟು 4,500 ಕಿಲೋವಾಟ್. ಶಿವನಸಮುದ್ರದ ವಿದ್ಯುದಾಗಾರದ ಮೊದಲ ಸಾಮರ್ಥ್ಯ ಸುಮಾರು 4,300 ಕಿಲೋವಾಟ್! ಕೋಲಾರದ ಗಣಿಗಳಿಗೆ ಹರಿದ ಶಕ್ತಿಯನ್ನೆಲ್ಲ ಈ ಒಂದು ಜಿಲ್ಲೆಯ ನೂರರಲ್ಲಿ ಒಂದು ಪಾಲು ಇಸ್ತ್ರಿ ಪೆಟ್ಟಿಗೆಗಳು ನುಂಗಿಬಿಡುತ್ತವೆ. ನೂರಕ್ಕೆ ಹತ್ತು ಮನೆಗಳಾದರೆ 45,000 ಕಿಲೋವಾಟ್. ಆ ವಿದ್ಯುದಾಗಾರದ ಇಂದಿನ 42,000 ಕಿಲೋವಾಟ್ ಸಾಮರ್ಥ್ಯವೂ ಸಾಲದು.

ಇಸ್ತ್ರಿಯು ವಿದ್ಯುತ್ ಕಂಪೆನಿಗಳ ಹೊರೆಯನ್ನು ಬದಲಾಯಿಸಿದುದು ಇದೇ ಮೊದಲಲ್ಲ. ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಅಮೆರಿಕದ ಕ್ಯಾಲಿಫೋರ್ನಿಯದ ಆಂಟೇರಿಯೋ ಎಂಬ ಊರಿನಲ್ಲಿ ವಿದ್ಯುತ್ತನ್ನು ದೀಪಗಳಿಗಾಗಿ ರಾತ್ರಿ ಮಾತ್ರ ಒದಗಿಸುತ್ತಿದ್ದರು. ಅಲ್ಲಿಯ ವಿದ್ಯುತ್ ಕಂಪೆನಿಯಲ್ಲಿದ್ದ ಅರ್ಲ್ ರಿಚರ್ಡ್‌ಸನ್ ಎಂಬಾತ ವಿದ್ಯುತ್ ಇಸ್ತ್ರಿ ಪೆಟ್ಟಿಗೆಗಳನ್ನು ಮಾಡಿ ಮನೆಮನೆಗೆ ಹಂಚಿ, ಇಸ್ತ್ರಿಯ ದಿನವಾದ ಮಂಗಳವಾರ ಹಗಲಿನಲ್ಲಿಯೂ ಯಂತ್ರಗಳನ್ನು ನಡೆಸುವಂತೆ ಕಂಪೆನಿಯನ್ನು ಒಪ್ಪಿಸಿದನು. ಅಂದು ವಿದ್ಯುತ್ತಿಗೆ ಗಿರಾಕಿಗಳನ್ನು ಹುಡುಕಲು ಇಸ್ತ್ರಿ ಪೆಟ್ಟಿಗೆ ಬಂತು. ಇಂದು ವಿದ್ಯುತ್ತನ್ನು ಉಳಿಸಲು ಅದನ್ನು ಬದಿಗಿಡಬೇಕೆಂಬ ಮಾತು ಬಂದಿದೆ.

ದೊಡ್ಡ ವೆಚ್ಚ, ಸಣ್ಣ ವೆಚ್ಚ

ಈಗ ಒಂದು ಮನೆಯ ತಿಂಗಳ ಲೆಕ್ಕವನ್ನು ನೋಡೋಣ. ನಾಲ್ವರ ಸಂಸಾರ, ತಿಂಗಳಿಗೆ 25 ದಿನ, ಒಬ್ಬೊಬ್ಬರಿಗೂ ದಿನಕ್ಕೊಂದು ಜೊತೆ ಬಟ್ಟೆ. ಒಟ್ಟು 100 ಜೊತೆ, 10 ಯೂನಿಟ್. ಇಸ್ತ್ರಿಯನ್ನು ಪೂರ್ಣವಾಗಿ ಬಿಟ್ಟರೆ ಉಳಿಯುವುದು ತಿಂಗಳಿಗೆ 10 ಯೂನಿಟ್. ಸೋಮವಾರ ಮಾತ್ರ ಬಿಟ್ಟರೆ ಉಳಿಯುವುದು ಒಂದೂವರೆ ಯೂನಿಟ್ಟಿಗೆ ತುಸು ಹೆಚ್ಚು.

ಇದರ ಪಕ್ಕದಲ್ಲಿ ಸ್ನಾನದ ನೀರನ್ನಿಡೋಣ. 15 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಷ್ಟು ಬಿಸಿಮಾಡಲು 3,00,000 ಕ್ಯಾಲೊರಿ, ಅಂದರೆ 0.35 ಯೂನಿಟ್ ಬೇಕು. ವಿದ್ಯುತ್ತಿನಲ್ಲಿ ಕಾಯಿಸಿದ ಒಂದು ಬಕೆಟ್ ನೀರು ಮೂರೂವರೆ ಜೊತೆ ಬಟ್ಟೆಯ ಇಸ್ತ್ರಿಗೆ ಸಮ. ನಾಲ್ವರಿಗೆ ತಿಂಗಳಿಗೆ 42 ಯೂನಿಟ್. ನೀರು ಕಾಯಿಸಲು ಚಾವಣಿಯ ಮೇಲೆ ಸೌರ ಉಪಕರಣವನ್ನಿಟ್ಟ ಮನೆ ಬಿಸಿಲಿರುವ ದಿನಗಳಲ್ಲಿ ಈ ವೆಚ್ಚವನ್ನೆಲ್ಲ ಉಳಿಸುತ್ತದೆ. ಬೀಸಣಿಗೆಯ ಲೆಕ್ಕವೂ ಹಾಗೆಯೇ. ಹಳೆಯ ಬಗೆಯ ಚಾವಣಿ ಪಂಖಕ್ಕೆ 75 ವಾಟ್ ಬೇಕು. ಹೊಸ ಬಗೆಯ ಮೋಟಾರಿನದಕ್ಕೆ 30 ವಾಟ್ ಸಾಕು. ದಿನಕ್ಕೆ 8 ಗಂಟೆ ತಿರುಗುವ ಒಂದೇ ಒಂದು ಪಂಖವನ್ನು ಬದಲಾಯಿಸಿದರೆ ತಿಂಗಳಿಗೆ ಸುಮಾರು 11 ಯೂನಿಟ್ ಉಳಿಯುತ್ತದೆ. ಇಡೀ ಸಂಸಾರ ತಿಂಗಳೆಲ್ಲ ಸುಕ್ಕು ಬಟ್ಟೆ ತೊಟ್ಟರೆ ಆಗುವ ಉಳಿತಾಯ ಇದಕ್ಕಿಂತ ಹೆಚ್ಚಲ್ಲ.

ಇನ್ನು ಬಟ್ಟೆ ಒಣಗಿಸುವ ತಂತಿಯ ಉಪಕಾರ. ಒಗೆದು ಹಿಂಡಿದ ಒಂದು ಜೊತೆ ಬಟ್ಟೆಯಲ್ಲಿ 300 ಗ್ರಾಂ ನೀರು ಉಳಿದಿದ್ದರೆ, ಅದನ್ನು ಆರಿಸಲು ಬಿಸಿಲೂ ಗಾಳಿಯೂ ಕೊಡುವ ಶಾಖ ಸುಮಾರು 0.2 ಯೂನಿಟ್ಟಿಗೆ ಸಮ, ಇಸ್ತ್ರಿಯ ಎರಡರಷ್ಟು. ಬಟ್ಟೆ ಒಣಗಿಸಲು ವಿದ್ಯುತ್ ಯಂತ್ರವನ್ನಿಟ್ಟುಕೊಂಡ ದೇಶಗಳ ಜನ ಇದನ್ನು ಹಣ ಕೊಟ್ಟು ಕೊಳ್ಳುತ್ತಾರೆ. ನಮ್ಮ ಹಿತ್ತಿಲಿನ ತಂತಿಯನ್ನು ನಾವು ಬಿಟ್ಟುಕೊಡದಿರುವುದೇ ಒಂದು ದೊಡ್ಡ ಉಳಿತಾಯ.

ಆದುದರಿಂದ ಇಸ್ತ್ರಿಯನ್ನು ಬಿಡುವುದು ಮನೆಯ ಶಕ್ತಿಯ ಉಳಿತಾಯದಲ್ಲಿ ಮೊದಲ ಹೆಜ್ಜೆಯಲ್ಲ. ಮೂರನೆಯದೋ ನಾಲ್ಕನೆಯದೋ ಆಗಬಹುದು. ಆದರೆ ಸೌರ ಉಪಕರಣಕ್ಕೂ ಹೊಸ ಪಂಖಕ್ಕೂ ಹಣ ಬೇಕು. ಇಸ್ತ್ರಿಯನ್ನು ಬಿಡಲು ಏನೂ ಬೇಡ. ವಿದ್ಯಾರ್ಥಿಯೊಬ್ಬನು ಯಾರನ್ನೂ ಕೇಳದೆ ಇಂದೇ ಮಾಡಬಹುದಾದ ಉಳಿತಾಯ ಇದು. ಗೃಹಜ್ಯೋತಿ ಯೋಜನೆಯಲ್ಲಿ 2023ರ ಆಗಸ್ಟ್ ತಿಂಗಳಿಂದ, ಗೊತ್ತಾದ ಮಿತಿಯೊಳಗೆ ಬಳಸುವ ಮನೆಗಳಿಗೆ 200 ಯೂನಿಟ್ಟಿನವರೆಗೆ ಬಿಲ್ಲು ಸೊನ್ನೆಯಾಯಿತು. ಅಂತಹ ಮನೆಯಲ್ಲಿ ಇಸ್ತ್ರಿ ಬಿಟ್ಟರೆ ಹಣವೇನೂ ಉಳಿಯುವುದಿಲ್ಲವೆಂಬುದು ನಿಜ. ಆದರೆ ಸ್ಥಾವರದಲ್ಲಿ ಉರಿಯುವ ಕಲ್ಲಿದ್ದಲಿಗೆ ಬಿಲ್ಲಿನ ಮೊತ್ತ ತಿಳಿಯದು. ಇನ್ನೂ ಒಂದು ಉಳಿತಾಯವುಂಟು. ಅದು ಯಾವ ಮಾಪಕದಲ್ಲಿಯೂ ಕಾಣುವುದಿಲ್ಲ. ನಾಲ್ವರ ಬಟ್ಟೆಗೆ ಆರಾರು ನಿಮಿಷದಂತೆ ದಿನಕ್ಕೆ 24 ನಿಮಿಷ. ಬಹುಪಾಲು ಮನೆಗಳಲ್ಲಿ ಇದು ಬೆಳಗಿನ ಅಡುಗೆಯ ಗಡಿಬಿಡಿಯ ನಡುವೆ ತಾಯಿ ಕೊಡುವ ಸಮಯ.

ಇಸ್ತ್ರಿಯಿಲ್ಲದೆ ಸುಕ್ಕು ತೆಗೆಯುವ ಬಗೆ

ಸುಕ್ಕನ್ನು ತೆಗೆಯಲು ಬೇಕಾದುದು ತೇವ, ಒತ್ತಡ, ಮತ್ತು ಆರುವ ಅವಕಾಶ. ಶಾಖ ಈ ಕೆಲಸವನ್ನು ಬೇಗ ಮುಗಿಸುತ್ತದೆ, ಅಷ್ಟೇ. ಸಮಯವಿದ್ದವನು ಶಾಖವಿಲ್ಲದೆಯೂ ನಡೆಸಬಹುದು.

ಬಟ್ಟೆಯನ್ನು ಅತಿಯಾಗಿ ಹಿಂಡದೆ, ಎರಡು ತುದಿ ಹಿಡಿದು ಬಲವಾಗಿ ಕೊಡವಿ, ಹೊಲಿಗೆಗಳನ್ನು ಎಳೆದು ನೇರಮಾಡಿ, ಅಂಗಿಯನ್ನು ಹ್ಯಾಂಗರಿಗೆ ತೂಗುಹಾಕಬೇಕು. ಒಳಗಿರುವ ನೀರಿನ ಭಾರವೇ ಬಟ್ಟೆಯನ್ನು ಕೆಳಕ್ಕೆಳೆದು, ಬಂಧಗಳು ಮತ್ತೆ ಕೂಡುವ ಮೊದಲು ಅದನ್ನು ನೇರಗೊಳಿಸುತ್ತದೆ. ಒಣಗಿದ ಮೇಲೆ ಗುಡ್ಡೆ ಹಾಕದೆ ಆಗಲೇ ಮಡಿಸಬೇಕು.

ಮಡಿಸಿದ ಬಟ್ಟೆಯನ್ನು ಹಾಸಿಗೆಯ ಕೆಳಗಿಟ್ಟು ಮಲಗುವ ಹಳೆಯ ಉಪಾಯವನ್ನು ಹಾಸ್ಯಮಾಡುವವರು ಈ ಲೆಕ್ಕವನ್ನು ನೋಡಬೇಕು. 1200 ಗ್ರಾಂ ತೂಕದ ಇಸ್ತ್ರಿ ಪೆಟ್ಟಿಗೆಯ ತಳದ ವಿಸ್ತೀರ್ಣ ಸುಮಾರು 180 ಚದರ ಸೆಂಟಿಮೀಟರ್. ಕೈಯಿಂದ ಅದುಮದಿದ್ದರೆ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 7 ಗ್ರಾಂ. 60 ಕಿಲೋಗ್ರಾಂ ತೂಕದ ಮನುಷ್ಯ ಮಲಗಿದಾಗ ಹಾಸಿಗೆಗೆ ತಾಗುವ ವಿಸ್ತೀರ್ಣ ಸುಮಾರು 6,000 ಚದರ ಸೆಂಟಿಮೀಟರ್. ಒತ್ತಡ 10 ಗ್ರಾಂ. ಮಲಗಿದವನ ಒತ್ತಡ ಪೆಟ್ಟಿಗೆಯದಕ್ಕಿಂತ ಕಡಿಮೆಯಲ್ಲ! ಶಾಖದ ಕೊರತೆಯನ್ನು ಎಂಟು ಗಂಟೆಗಳ ಕಾಲ ತುಂಬಿಕೊಡುತ್ತದೆ. ಬಟ್ಟೆಯಲ್ಲಿ ಕಂಡೂ ಕಾಣದಷ್ಟು ತೇವವಿದ್ದರೆ ಫಲ ಇನ್ನೂ ಚೆನ್ನ.

ಯಾರ ಸುಕ್ಕು, ಯಾರ ಕೂಲಿ?

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಲೆಕ್ಕಕ್ಕೆ ಸಿಗದ ಎರಡು ಮಾತುಗಳು ಉಳಿಯುತ್ತವೆ.

ಮೊದಲನೆಯದು ಮರ್ಯಾದೆಯ ಮಾತು. ದೊಡ್ಡ ಹುದ್ದೆಯಲ್ಲಿರುವವರು ಸುಕ್ಕು ಬಟ್ಟೆ ತೊಟ್ಟು ಬಂದರೆ ಜನ ಅದನ್ನು ಆದರ್ಶವೆನ್ನುತ್ತಾರೆ. ಹಳ್ಳಿಯಿಂದ ಬಂದ ಬಡ ಹುಡುಗ ಹಾಗೆ ಬಂದರೆ ಅಸಡ್ಡೆಯೆನ್ನುತ್ತಾರೆ. ಎರಡೇ ಜೊತೆ ಬಟ್ಟೆಯಿರುವ ವಿದ್ಯಾರ್ಥಿಗೆ ಇಸ್ತ್ರಿ ಮಾಡಿದ ಅಂಗಿಯೇ ತರಗತಿಯಲ್ಲಿ ತಲೆಯೆತ್ತಿ ಕೂರುವ ಧೈರ್ಯ. ಅವನಿಂದ ಅದನ್ನು ಕಸಿದುಕೊಳ್ಳಲು ಯಾವ ಅಭಿಯಾನಕ್ಕೂ ಹಕ್ಕಿಲ್ಲ. ಆದುದರಿಂದ ಸುಕ್ಕು ಬಟ್ಟೆಯ ವ್ರತ ಮೇಲಿನಿಂದ, ಅಧ್ಯಾಪಕರಿಂದಲೂ ಅಧಿಕಾರಿಗಳಿಂದಲೂ ಆರಂಭವಾಗಬೇಕು. ಅಧ್ಯಾಪಕನ ಅಂಗಿಯಲ್ಲಿ ಸುಕ್ಕಿದ್ದರೆ ವಿದ್ಯಾರ್ಥಿಯ ಅಂಗಿಯ ಸುಕ್ಕನ್ನು ಯಾರೂ ಎತ್ತಿ ಆಡಲಾರರು.

ಎರಡನೆಯದು ಜೀವನೋಪಾಯದ ಮಾತು. ನಮ್ಮ ಊರುಗಳ ಬೀದಿಬದಿಯಲ್ಲಿ ತಳ್ಳುಗಾಡಿಯ ಮೇಲೆ ಇದ್ದಿಲ ಪೆಟ್ಟಿಗೆಯಿಂದ ಇಸ್ತ್ರಿ ಮಾಡುವ ಮಡಿವಾಳರ ಅನ್ನ ಇದರಲ್ಲಿದೆ. ಕೆಂಡವನ್ನು ಒಮ್ಮೆ ಹೊತ್ತಿಸಿ ಹತ್ತಾರು ಮನೆಗಳ ಬಟ್ಟೆಗಳನ್ನು ಒಂದೇ ಸಮನೆ ಮುಗಿಸುವುದರಿಂದ ಪೆಟ್ಟಿಗೆ ಕಾಯಿಸುವ ದಂಡ ಅವರಲ್ಲಿ ಹಂಚಿಹೋಗುತ್ತದೆ. ಮನೆಗೊಂದು ಪೆಟ್ಟಿಗೆಯ ಪದ್ಧತಿಗಿಂತ ಇದು ಮೇಲು. ಆದರೆ ಸೌದೆಯನ್ನು ಇದ್ದಿಲು ಮಾಡುವಾಗಲೇ ಅದರ ಶಕ್ತಿಯ ಬಹುಪಾಲು ನಷ್ಟವಾಗುತ್ತದೆ. ಉರಿಯುವ ಇದ್ದಿಲಿನಿಂದ ವಿಷವಾದ ಇಂಗಾಲದ ಮಾನಾಕ್ಸೈಡ್ ಬರುವುದರಿಂದ ಮುಚ್ಚಿದ ಕೋಣೆಯಲ್ಲಿ ಆ ಪೆಟ್ಟಿಗೆಯನ್ನಿಡುವುದು ಅಪಾಯ. ಅಡುಗೆ ಅನಿಲದಿಂದ ಕಾಯುವ ಪೆಟ್ಟಿಗೆಗಳು ಈಗ ಬಳಕೆಗೆ ಬಂದಿವೆ. ತಮಿಳುನಾಡಿನ ತಿರುವಣ್ಣಾಮಲೈಯ ಶಾಲಾ ವಿದ್ಯಾರ್ಥಿನಿ ವಿನಿಶಾ ಉಮಾಶಂಕರ್ ಬಿಸಿಲಿನಿಂದ ನಡೆಯುವ ಇಸ್ತ್ರಿ ಗಾಡಿಯೊಂದನ್ನು ರೂಪಿಸಿ, 2021ರಲ್ಲಿ ಗ್ಲಾಸ್ಗೋ ನಗರದ ಹವಾಗುಣ ಸಮ್ಮೇಳನದಲ್ಲಿ ಮಾತನಾಡಿದಳು. ನಮ್ಮ ಉಳಿತಾಯದ ಹೊರೆ ಮಡಿವಾಳರ ತಲೆಯ ಮೇಲೆ ಬೀಳದಂತೆ ನೋಡಿಕೊಳ್ಳುವ ದಾರಿಗಳು ಇಂತಹವು. ಬಿಡುವುದಾದರೆ ಮೊದಲು ಮನೆಯ ಪೆಟ್ಟಿಗೆಯನ್ನು ಬಿಡೋಣ. ಮದುವೆಗೋ ಸಂದರ್ಶನಕ್ಕೋ ಬೇಕಾದ ಒಂದು ಜೊತೆಯನ್ನು ಬೀದಿಯ ಗಾಡಿಗೆ ಕೊಡೋಣ.

ಒಟ್ಟಿನಲ್ಲಿ ಫಲಿತಾಂಶವಿಷ್ಟು. ದಿನದ ಬಟ್ಟೆಗೆ ಇಸ್ತ್ರಿ ಅನಿವಾರ್ಯವಲ್ಲ. ಅದನ್ನು ಬಿಟ್ಟರೆ ಆಗುವ ಉಳಿತಾಯ ಚಿಕ್ಕದು, ಆದರೆ ನಿಜವಾದುದು. ಅದಕ್ಕಿಂತ ದೊಡ್ಡ ಉಳಿತಾಯಗಳು ಸ್ನಾನದ ಮನೆಯಲ್ಲಿಯೂ ಚಾವಣಿಯಲ್ಲಿಯೂ ಕಾದಿವೆ. ಇಸ್ತ್ರಿ ಮಾಡಲೇಬೇಕಾದಾಗ ವಾರಕ್ಕೊಮ್ಮೆ, ಒಟ್ಟಿಗೆ, ಬಟ್ಟೆಯಲ್ಲಿ ತುಸು ತೇವವಿರುವಾಗ, ಸೌರ ವಿದ್ಯುತ್ತು ಧಾರಾಳವಾಗಿರುವ ನಡುಹಗಲಿನಲ್ಲಿ ಮಾಡುವುದು ಲೇಸು. ಮುಂದಿನ ಭಾನುವಾರ ವಾಚಕರು ತಮ್ಮ ಮನೆಯ ಮಾಪಕದ ಮುಂದೆ ನಿಂತು ಕೆಂಪು ದೀಪದ ಮಿನುಗುಗಳನ್ನು ಎಣಿಸಲಿ. ಮೊದಲು ಇಸ್ತ್ರಿ ಪೆಟ್ಟಿಗೆ, ಆಮೇಲೆ ನೀರು ಕಾಯಿಸುವ ಉಪಕರಣ, ಆಮೇಲೆ ಪಂಖ. ಬಂದ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಲಿ. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕೆಂಬುದನ್ನು ಆ ಹಾಳೆಯನ್ನು ನೋಡಿ ಮನೆಮಂದಿಯೆಲ್ಲ ಕೂಡಿ ನಿರ್ಧರಿಸಬಹುದು.